ಸಕ್ಕರೆ ಡಬ್ಬಿಯ ಜಾಗ

ಒಂದು ಮನೆಯಲ್ಲಿ ಯಾರು ಮನೆಯವರು, ಯಾರು ಅತಿಥಿಗಳು ಎಂದು ತಿಳಿಯಲು ವಂಶಾವಳಿ ಕೇಳಬೇಕಾಗಿಲ್ಲ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಿದರೆ ಸಾಕು. ಈ ಪರೀಕ್ಷೆಯಲ್ಲಿ ನಾನು ನನ್ನ ಸ್ವಂತ ಮನೆಯಲ್ಲೇ ನಪಾಸಾದವನು. ನೀವು ಆಮೇಲೆ ನಗುವುದು ಬೇಡವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಸೊಲ್ಲಾಪುರದ ನವಿ ಪೇಠದ ಅಂಗಡಿಯೊಂದರಲ್ಲಿ ಬಟ್ಟೆ ಅಳೆಯುವುದು ನನ್ನ ಕೆಲಸ. ಶನಿವಾರ ಎಸ್.ಟಿ. ಬಸ್ಸು ಹಿಡಿದು ಅಕ್ಕಲಕೋಟೆಗೆ ಬಂದರೆ ಸೋಮವಾರ ನಸುಕಿಗೆ ಮರಳಬೇಕು. ಅಲ್ಲಿ ನಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ನನ್ನ ಹೆಂಡತಿ ಗಂಗವ್ವ ಕಿವಿ ಕೇಳದ ಮಕ್ಕಳಿಗೆ ಶಾಲೆ ತೆರೆದಿದ್ದಳು. ನಮ್ಮ ಮಗಳು ನೀಲಾ ಹುಟ್ಟಿನಿಂದ ಕಿವುಡಿ. ಅವಳೊಬ್ಬಳಿಗಾಗಿ ಶುರುವಾದ ಶಾಲೆಗೆ ಹನ್ನೊಂದು ಮಕ್ಕಳಾದರು. ಮಕ್ಕಳು ಸಿಕ್ಕರು, ಶಿಕ್ಷಕರು ನಿಲ್ಲಲಿಲ್ಲ. ಮಗುವಿನ ಕೈಯನ್ನು ತಮ್ಮ ಗಂಟಲ ಮೇಲೆ ಇರಿಸಿಕೊಂಡು, ಅದರ ನಡುಕದಿಂದ ಮಾತು ಕಲಿಸುವ ವಿದ್ಯೆಯನ್ನು ಮುಂಬಯಿಯಲ್ಲಿ ಕಲಿತವರೇ ಬೇಕು. ಬಂದ ಇಬ್ಬರೂ ವರ್ಷ ತುಂಬುವ ಮೊದಲೇ ಹೊರಟುಹೋದರು.

ಮೂರನೆಯವರು ಕುಸುಮಬಾಯಿ, ನಮಗೆಲ್ಲ ಬರೀ ‘ಬಾಯಿ’; ನಮ್ಮ ಮಾಳಿಗೆಯಲ್ಲೇ ಇದ್ದರು. ಇವರನ್ನಾದರೂ ಉಳಿಸಿಕೊಳ್ಳಲು ಗಂಗವ್ವ ನಮ್ಮ ಕಡೆಯವರಿಗೆ ಗೊತ್ತಿರುವ ಒಂದೇ ಉಪಾಯ ಹಿಡಿದಳು: ಉಪಚಾರ. ಮೊದಲ ಬಿಸಿ ರೊಟ್ಟಿ ಅವರಿಗೆ, ಮೊಸರಿನ ಕೆನೆ ಅವರಿಗೆ. ಅವರು ತಾವು ಉಂಡ ತಾಟು ಎತ್ತಲು ಹೋದರೆ ಕಸಿದುಕೊಳ್ಳುತ್ತಿದ್ದಳು.

“ಬಾಯಿ, ನೀವ್ ಕೂಡ್ರಿ. ಅಡಗಿಮನಿ ಹೊಗಿ ನಿಮಗ್ಯಾಕ?”

“ಎರಡು ವರ್ಷ ಆತಲ್ರಿ ಅಕ್ಕಾ, ನಾ ಇನ್ನೂ ಬೀಗರೇನ್ರಿ? ನಿಮಗ ಕೊಡಾಕ ನನ್ನ ಕಡೆ ಮಗಳೂ ಇಲ್ಲ, ಮಗನೂ ಇಲ್ಲ!”

ಗಂಗವ್ವ ನಕ್ಕಳು. ಶಾಲೆಯ ಕೀಲಿಕೈ ಮಾತ್ರ ಅವಳ ಸೊಂಟದಲ್ಲೇ ಉಳಿಯಿತು. ಬಾಯಿಯವರಿಗೆ ಅದರ ತ್ರಾಸೇಕೆ ಎಂದು.

ಈ ಚಳಿಗಾಲದಲ್ಲಿ ನಾಲ್ಕೇ ದಿನದ ಜ್ವರಕ್ಕೆ ಗಂಗವ್ವ ಹೋದಳು. ದಿನಕರ್ಮ ಮುಗಿಯುವಷ್ಟರಲ್ಲಿ ಮುಂಬಯಿಯ ಶಾಲೆಯೊಂದು ಬಾಯಿಯವರನ್ನು ಕರೆದು ಕಾಗದ ಬರೆದಿತ್ತು. ಶನಿವಾರ ಉತ್ತರ ಹಾಕಬೇಕೆಂದು ಅವರೇ ಹೇಳಿದರು. ಸೋಮವಾರ ನನ್ನ ರಜೆ ಮುಗಿಯುತ್ತಿತ್ತು. ಅವರು ಹೋದರೆ ಶಾಲೆ ಮುಚ್ಚಿದಂತೆಯೇ. ನೀಲಾಳ ಕೈಗೆ ಇನ್ನೊಂದು ಗಂಟಲನ್ನು ನಾನೆಲ್ಲಿಂದ ತರಲಿ?

ಶನಿವಾರ ನೆಂಟರೆಲ್ಲ ಹೊರಟುಹೋಗಿದ್ದರು. ಬಾಯಿ ಕಾಗದ ಹಿಡಿದು ಮಾಳಿಗೆಯಿಂದ ಇಳಿದರು. ನಾನು ಗಾಬರಿಯಿಂದ ಎದ್ದು, “ಕೂಡ್ರಿ ಬಾಯಿ, ಚಹಾ ಮಾಡ್ತೀನಿ” ಎಂದು ಒಳಗೆ ಹೋದವನು ಹೊರಗೆ ಬರಲೇ ಇಲ್ಲ. ಒಂದು ಡಬ್ಬಿಯಲ್ಲಿ ಶೇಂಗಾ, ಒಂದರಲ್ಲಿ ಹುಣಸೆ, ಒಂದರಲ್ಲಿ ಉಪ್ಪು.

“ಏನ್ ಹುಡುಕಾಕತ್ತೀರಿ?” ಬಾಯಿ ಹೊಸ್ತಿಲಲ್ಲಿ ನಿಂತಿದ್ದರು.

“ಸಕ್ರಿ. ನನಗೂ ಗೊತ್ತಿಲ್ರಿ ಎಲ್ಲೈತಿ ಅಂತ.”

ಬಾಯಿಯವರ ಪಕ್ಕದಲ್ಲಿದ್ದ ನೀಲಾ ನಮ್ಮಿಬ್ಬರ ತುಟಿಗಳನ್ನೂ ನೋಡಿದಳು. ನನ್ನನ್ನು ಬಿಟ್ಟು ಬಾಯಿಯವರ ಕೈ ಹಿಡಿದು ಒಳಗೆ ಎಳೆದೊಯ್ದಳು; ಹಿಟ್ಟಿನ ಡಬ್ಬಿಯ ಹಿಂದಿನ ಗೂಡು ತೋರಿಸಿದಳು.

ಚಹಾವನ್ನು ಬಾಯಿಯವರೇ ಮಾಡಿದರು. ಒಲೆಯ ಮುಂದೆ ಕುಳಿತೇ ಹೇಳಿದರು: “ಅಕ್ಕಾವ್ರು ಭಾಳ ಚಲೋ ನೋಡ್ಕೊಂಡ್ರು. ಆದ್ರ ಉಪಚಾರ ಮಾಡಿ ಮಾಡಿ, ಇವತ್ತ ನಾಳೆ ಹೊರಡೂ ಮಂದಿ ಹಂಗ ನನ್ನ ಎರಡು ವರ್ಷ ಎಸ್.ಟಿ. ಸ್ಟ್ಯಾಂಡಿನಾಗ ಕುಂಡ್ರಿಸಿದ್ರು.”

ಇರಿ ಎನ್ನುವ ಧೈರ್ಯ ನನಗಿರಲಿಲ್ಲ. ಗೂಟದಲ್ಲಿದ್ದ ಶಾಲೆಯ ಕೀಲಿಕೈ ತಂದು ಅವರ ಮುಂದಿಟ್ಟೆ.

“ಈ ವರ್ಷ ಬರೂದಿಲ್ಲ ಅಂತ ಮುಂಬಯಿಗೆ ಬರೀತೀನಿ,” ಎಂದು ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡರು. “ಮುಂದಿನ ವರ್ಷದ್ದು ಮುಂದ.”

ಈಗ ಪ್ರತಿ ಶನಿವಾರ ಬಂದಾಗ ನಾನೇ ಚಹಾಕ್ಕಿಡುತ್ತೇನೆ. ಮೊನ್ನೆ ಹಿಟ್ಟಿನ ಡಬ್ಬಿಯ ಹಿಂದೆ ಕೈ ಹಾಕಿದರೆ ಗೂಡು ಖಾಲಿ. ಬಾಯಿ ತಮ್ಮ ಕೈಗೆ ಎಟುಕುವ ಹಾಗೆ ಸಕ್ಕರೆಯನ್ನು ಬೇರೆಲ್ಲೋ ಇಟ್ಟಿದ್ದರು. ಮತ್ತೆ ನಪಾಸಾದೆ. ಗಂಗವ್ವ ಹೋದ ಮೇಲೆ ಅಂದು ಮೊದಲ ಸಲ ನಿಶ್ಚಿಂತೆಯಿಂದ ಹುಡುಕಿದೆ.