ತಪ್ಪೇ ಆಗದ ಲ್ಯಾಬು

ಒಂದೂ ತಪ್ಪಿಲ್ಲದ ಜಾಗ ಕಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಜಗಳವೇ ಆಗದ ಮನೆ, ಮಕ್ಕಳು ಪಿಟಕ್ಕೆನ್ನದ ಕ್ಲಾಸು, "ನಮ್ಮಲ್ಲಿ ಹಾಗೆಲ್ಲ ಆಗೋದೇ ಇಲ್ಲ" ಅನ್ನುವ ಆಫೀಸು. ನೀವು ಮೆಚ್ಚಿ ತಲೆದೂಗುತ್ತೀರೇನೋ. ನಾನು ಮೆಲ್ಲಗೆ ನನ್ನ ಚಪ್ಪಲಿ ಎಲ್ಲಿದೆ ಅಂತ ಹುಡುಕುತ್ತೇನೆ.

ಈ ಕಾಯಿಲೆ ಅಂಟಿದ್ದು ತೊಂಬತ್ತರ ದಶಕದಲ್ಲಿ, ಗಾಂಧಿಬಜಾರಿನ ಹಿಂದಿನ ಬೀದಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಅದನ್ನು ಕಟ್ಟಿದ ದೊಡ್ಡ ಡಾಕ್ಟರು ತೀರಿಕೊಂಡು ಆರು ತಿಂಗಳಾಗಿತ್ತು. ಅವರ ಮಗಳು ನನ್ನನ್ನು ಕರೆಸಿ, "ಇನ್ಮೇಲೆ ನೀವೇ ನೋಡ್ಕೊಳ್ಳಿ" ಅಂದರು. ಮಲ್ಲೇಶ್ವರದಿಂದ ಎರಡು ಬಸ್ಸು ಬದಲಿಸಿ ಬಂದು, ಆರು ಜನ ಟೆಕ್ನೀಷಿಯನ್‌ಗಳ ಮೇಲೆ ದರ್ಬಾರು ಮಾಡಲು ಕೂತೆ.

ಮೊದಲ ದಿನವೇ ಹಿರಿಯ ಟೆಕ್ನೀಷಿಯನ್ ಪ್ರಮೀಳಾ ಕೆಂಪು ರಟ್ಟಿನ ಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟರು. ಅದು ತಪ್ಪಿನ ಪುಸ್ತಕ. ಯಾರಿಂದ ತಪ್ಪಾಯಿತೋ ಅವರೇ ಅದರಲ್ಲಿ ಬರೆಯಬೇಕು, ಶನಿವಾರ ಪೂಜೆಯಾದ ಮೇಲೆ ಎಲ್ಲರೆದುರು ನಿಂತು ಗಟ್ಟಿಯಾಗಿ ಓದಬೇಕು. ಆಮೇಲೆ ಚರುಪು ಹಂಚುವುದು. ಓದಿದವರಿಗೆ ಮಾತ್ರ ಅವತ್ತು ಚರುಪಿಲ್ಲ. ಇದು ದೊಡ್ಡ ಡಾಕ್ಟರ ನಿಯಮ. ಪುಟ ತಿರುವಿದೆ. ಮೊದಮೊದಲು ಹಾಳೆ ತುಂಬ ಬರಹ, ಆಮೇಲೆ ಅಲ್ಲೊಂದು ಇಲ್ಲೊಂದು, ಕೊನೆಯ ನಾಲ್ಕು ವರ್ಷ ಬರೀ ಬಿಳೀ ಹಾಳೆ. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಮನೆಯಲ್ಲಿ ಯಜಮಾನರ ಹತ್ತಿರ ಕೊಚ್ಚಿಕೊಂಡೆ. ಸಂಪಿಗೆ ರಸ್ತೆಯಲ್ಲಿ ಸಿಕ್ಕ ಹಳೇ ಗೆಳತಿಯ ಹತ್ತಿರವೂ ಕೊಚ್ಚಿಕೊಂಡೆ: "ನಾಲ್ಕು ವರ್ಷದಿಂದ ಒಂದೇ ಒಂದು ತಪ್ಪಾಗಿಲ್ಲ ಕಣೇ!"

"ಅದ್ಹೆಂಗೆ? ನಮ್ಮನೇಲಿ ವಾರಕ್ಕೆರಡು ಸಲ ಉಪ್ಪಿಟ್ಟೇ ಕೆಟ್ಟೋಗತ್ತೆ" ಅಂದಳು. ಇವಳಿಗೆ ಹೊಟ್ಟೆಕಿಚ್ಚು ಅಂದುಕೊಂಡೆ.

ಆದರೆ ಆ ಲ್ಯಾಬಿನಲ್ಲಿ ಏನೋ ಸರಿಯಿರಲಿಲ್ಲ. ಮಷೀನಿನ ಗುಂಯ್ ಶಬ್ದ ಬಿಟ್ಟರೆ ಆರು ಜನರ ಉಸಿರೂ ಕೇಳುತ್ತಿರಲಿಲ್ಲ. ಸರಿಯಾಗಿ ಹನ್ನೊಂದಕ್ಕೆ, ಹಿಂದೆ ದೊಡ್ಡ ಡಾಕ್ಟರು ಒಂದು ಸುತ್ತು ಬರುತ್ತಿದ್ದ ಹೊತ್ತಿಗೆ, ಆರೂ ತಲೆ ಒಟ್ಟಿಗೆ ತಗ್ಗುತ್ತಿದ್ದವು. ಬಾಗಿಲಲ್ಲಿ ಯಾರೂ ಇಲ್ಲ. ಒಂದು ನಿಮಿಷ ಕಳೆದರೆ ಆರೂ ತಲೆ ಒಟ್ಟಿಗೆ ಏಳುತ್ತಿದ್ದವು. ಯಾರು ಬಂದು ಹೋದರು ಅಂತ ಕೇಳುವ ಧೈರ್ಯ ನನಗೂ ಬರಲಿಲ್ಲ.

ಒಂದು ದಿನ ಫ್ರಿಜ್ಜಿನ ಹಿಂಬದಿಯಲ್ಲಿ ಹೆಸರಿನ ಚೀಟಿಯೇ ಇಲ್ಲದ ಮೂರು ರಕ್ತದ ಟ್ಯೂಬು ಕಂಡವು. ಯಾರದ್ದು ಅಂದೆ. "ಗೊತ್ತಿಲ್ಲ ಮೇಡಂ." ಆರೂ ಜನರದು ಅದೇ ಮಾತು, ಅದೇ ದನಿ. ಮಾರನೇ ದಿನ ಅವು ಅಲ್ಲಿರಲಿಲ್ಲ. "ಯಾವ ಟ್ಯೂಬು ಮೇಡಂ?" ಅಂದರು. ಮೌನಂ ಸಮ್ಮತಿ ಲಕ್ಷಣಂ ಎಂದ ಪುಣ್ಯಾತ್ಮ ಯಾರ ಕೈಕೆಳಗೂ ದುಡಿದವನಿರಲಾರ.

ಒಂದು ಗುರುವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆ. ನನ್ನ ಕೋಣೆಯ ಬಾಗಿಲಿಗೆ ಮೇಲರ್ಧ ಮಸುಕು ಗಾಜು, ಕೆಳಗರ್ಧ ಮರ. ಗಾಜಿನಾಚೆ ಬಿಳೀ ಕೋಟಿನ ಆಕಾರವೊಂದು ಬಂತು. ತಟ್ಟಲಿಲ್ಲ, ಮಾತಾಡಲಿಲ್ಲ. ಸುಮ್ಮನೆ ನಿಂತು, ಕರಗಿ ಹೋಯಿತು. ಕಾಲು ಗಂಟೆ ಬಿಟ್ಟು ಮತ್ತೆ ಬಂತು, ಮತ್ತೆ ಹೋಯಿತು. ದೊಡ್ಡ ಡಾಕ್ಟರು ಸಾಯುವವರೆಗೂ ಬಿಳೀ ಕೋಟು ಬಿಚ್ಚಿದವರಲ್ಲ ಅನ್ನುವುದು ಆಗಲೇ ನೆನಪಾಗಬೇಕೆ! ಆಗೆಲ್ಲ ನಮ್ಮ ಬಡಾವಣೆಗಳಲ್ಲಿ ದೆವ್ವಕ್ಕೆ ಹೆದರಿ ಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರು. ದೆವ್ವ ಓದಿ, ಹೇಳಿದ ಮಾತು ಕೇಳಿ, ವಾಪಸ್ ಹೋಗುತ್ತಿತ್ತಂತೆ. ನೋಡಿ ನಕ್ಕವಳು ನಾನು. ಈಗ ಕೈ ತಾನಾಗಿ ಸೀಮೆಸುಣ್ಣ ತಡಕಿತು. ದೆವ್ವದ ಪಾದ ಹಿಂದುಮುಂದು ಇರುತ್ತದೆ, ನೋಡಿ ಖಾತ್ರಿ ಮಾಡಿಕೊಳ್ಳೋಣ ಅಂದರೆ ಕೆಳಗೆ ಹಾಳು ಮರ. ಎಂಎಸ್ಸಿ ಓದಿದವಳು ಕಣ್ಮುಚ್ಚಿ ರಾಮ ರಾಮ ಅನ್ನುತ್ತಾ ಕೂತೆ.

ನಾಲ್ಕನೇ ಸಲ ಅದು ಹಣೆಯನ್ನು ಗಾಜಿಗೆ ಒತ್ತಿ ನಿಂತಿತು. ಇನ್ನು ತಡೆಯಲಾರದೆ, ಬಂದದ್ದು ಬರಲಿ ಅಂತ ಬಾಗಿಲು ಎಳೆದೆ.

ಪ್ರಮೀಳಾ. ಮುಖದಲ್ಲಿ ರಕ್ತವಿಲ್ಲ.

"ಅಯ್ಯೋ, ನೀವಾ! ದೊಡ್ಡ ಡಾಕ್ಟ್ರೇ ಬಂದ್ರು ಅಂತ ರಾಮ ರಾಮ ಅಂತಿದ್ದೆ ಕಣ್ರೀ. ನೋಡಿ, ಕೈ ಹೇಗೆ ನಡುಗ್ತಿದೆ."

ಆಕೆ ನನ್ನ ಕೈ ನೋಡಿದರು. ಆಮೇಲೆ ತಮ್ಮ ಕೈ ಮುಂದೆ ಚಾಚಿದರು. "ನಂದೂ ನಡುಗ್ತಿದೆ ಮೇಡಂ."

ಅಲ್ಲಿಗೆ ಕಟ್ಟೆ ಒಡೆಯಿತು. ಬೆಳಿಗ್ಗೆ ಇಬ್ಬರು ಹೆಂಗಸರ ರಕ್ತದ ಚೀಟಿ ಅದಲುಬದಲಾಗಿ, ತಪ್ಪು ಬ್ಲಡ್ ಗ್ರೂಪಿನ ರಿಪೋರ್ಟು ಹೊರಟುಹೋಗಿತ್ತು. ಅವರಲ್ಲೊಬ್ಬಾಕೆಗೆ ಸಂಜೆ ಐದಕ್ಕೆ ಆಪರೇಷನ್. "ಹನ್ನೆರಡಕ್ಕೇ ಗೊತ್ತಾಯ್ತು ಮೇಡಂ. ಹೇಳಕ್ಕೆ ಬಂದೆ, ಆಗ್ಲಿಲ್ಲ." ಗಡಿಯಾರ ನೋಡಿದೆ. ಮೂರೂವರೆ.

ನರ್ಸಿಂಗ್ ಹೋಮಿನ ಫೋನು ಎಂಗೇಜು. ಮತ್ತೆ ತಿರುಗಿಸಿದೆ, ಮತ್ತೆ ಎಂಗೇಜು. ಐದನೇ ಸಲಕ್ಕೆ ಸಿಕ್ಕ ನರ್ಸು, "ರಕ್ತದ ಬಾಟ್ಲು ತಂದಿಟ್ಟಿದೀವಿ, ಇನ್ನೂ ಏರ್ಸಿಲ್ಲ" ಅಂದಳು. ನನಗೆ ನೆಲ ಮತ್ತೆ ಕಾಲಿಗೆ ಸಿಕ್ಕಿತು. ಪ್ರಮೀಳಾ ಆಟೋದಲ್ಲಿ ಹೋಗಿ ಇಬ್ಬರದೂ ಹೊಸದಾಗಿ ರಕ್ತ ತೆಗೆದು ತಂದು, ಪರೀಕ್ಷೆ ಮಾಡಿ, ಸರಿಯಾದ ರಿಪೋರ್ಟು ಮುಟ್ಟಿಸಿದರು. ಆಪರೇಷನ್ ಮಾರನೇ ದಿನ ಆಯಿತು. ಆ ತಾಯಿ ವಾರದಲ್ಲಿ ಮನೆಗೆ ಹೋದಳು.

ಸಂಜೆ ಪ್ರಮೀಳಾ ಮತ್ತೆ ನನ್ನೆದುರು ಬಂದು, ತಲೆ ತಗ್ಗಿಸಿ, ಬೈಗುಳಕ್ಕೆ ಕಾಯುತ್ತಾ ನಿಂತರು. ನಿಜ ಹೇಳುತ್ತೇನೆ, ಬಾಯಿಗೆ ಬಂದದ್ದೂ ಅದೇ. ಆದರೆ ಮೂರೂವರೆ ಗಂಟೆ ಹೊತ್ತು ಆಕೆ ಹೆದರಿದ್ದು ಸತ್ತವರಿಗಲ್ಲ, ಗಾಜಿನ ಈಚೆ ಕೂತಿದ್ದ ನನಗೆ. ದೆವ್ವ ಯಾವ ಕಡೆಗಿತ್ತು ಅಂತ ತಿಳಿದು ನಾಚಿಕೆಯಾಯಿತು. "ಕೂತ್ಕೊಳ್ಳಿ" ಅಂದೆ. ಹದಿನೈದು ವರ್ಷದಲ್ಲಿ ಆಕೆ ಆ ಕೋಣೆಯಲ್ಲಿ ಕೂತವರೇ ಅಲ್ಲವಂತೆ. ಕುರ್ಚಿಯ ತುದಿಯಲ್ಲಿ ಕೂತು ಅತ್ತರು, ಆಮೇಲೆ ಒಂದೊಂದಾಗಿ ಎಲ್ಲ ಹೇಳಿದರು. ಚೀಟಿ ತಪ್ಪಿದ ಟ್ಯೂಬುಗಳನ್ನು ಎಲ್ಲರೂ ಬಚ್ಚಿಡುತ್ತಿದ್ದರಂತೆ. ಏನೋ ನೆಪ ಹೇಳಿ ಹೊಸ ರಕ್ತ ತರಿಸಿಕೊಂಡು, ಹಳೆಯದನ್ನು ಚೆಲ್ಲಿಬಿಡುತ್ತಿದ್ದರಂತೆ. ತಪ್ಪು ನಿಂತಿರಲಿಲ್ಲ, ಹೇಳುವುದು ನಿಂತಿತ್ತು ಅಷ್ಟೆ. ಆ ಶನಿವಾರದಿಂದ ಓದಿಸುವುದನ್ನು ಬಿಟ್ಟೆ. ಚರುಪು ಎಲ್ಲರಿಗೂ ಸಿಕ್ಕಿತು.

ಇಷ್ಟಾದ ಮೇಲೆ ನಾನು ದೊಡ್ಡ ಮನುಷ್ಯಳಾದೆ ಅಂದುಕೊಳ್ಳಬೇಡಿ. ತಿಂಗಳು ಕಳೆದಿರಬೇಕು. ಪ್ರಮೀಳಾ ಲ್ಯಾಬಿನ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ, "ಮೇಡಂ, ನಿನ್ನೆ ನೀವು ಸೈನ್ ಹಾಕಿದ ರಿಪೋರ್ಟು ತಪ್ಪಿದೆ" ಅಂದರು. "ನನಗೇ ಹೇಳ್ತೀರಾ?" ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಐದು ಜೊತೆ ಕಣ್ಣು ನನ್ನನ್ನೇ ನೋಡುತ್ತಿದ್ದವು. ನೀರು ಕುಡಿದು ಅದನ್ನು ನುಂಗಿಕೊಂಡೆ. "ಎಲ್ಲಿ, ತೋರ್ಸಿ" ಅಂದೆ. ತೋರಿಸಿದರು. ತಪ್ಪೇ ಆಗಿತ್ತು. "ಥ್ಯಾಂಕ್ಸ್ ಕಣ್ರೀ" ಅಂದೆ, ಹಲ್ಲು ಕಚ್ಚಿಕೊಂಡು.

ಕಿಟಕಿಯ ಕಡೆಯಿಂದ ಇನ್ನೊಂದು ದನಿ ಬಂತು: "ಮೊನ್ನೇದೂ ಒಂದಿದೆ ಮೇಡಂ."