ಹುಲಿಯಮ್ಮತ್ತೆಯ ಕೈಮುಲಾಮು

ನನ್ನ ಅಪ್ಪ ಬೆಳ್ಳಪ್ಪನ ಅಕ್ಕ ಹುಲಿಯಮ್ಮ. ಹೆಸರಿಟ್ಟವರು ಯಾರೋ ಏನೋ, ಕೂಸಿನ ಮುಖ ಸರಿಯಾಗಿ ನೋಡಿಯೇ ಇಟ್ಟಿದ್ದಾರೆ. ಸಾರಿಗೆ ಉಪ್ಪು ಹೆಚ್ಚಾದರೆ ಅದು ಉಪ್ಪು ಮಾರಿದವನ ತಪ್ಪು. ಬಸ್ಸು ತಪ್ಪಿಹೋದರೆ ಡ್ರೈವರನಿಗೆ ಗಡಿಯಾರ ನೋಡಲು ಬರುವುದಿಲ್ಲ. ಒಮ್ಮೆ ಸ್ವಂತ ಎಮ್ಮೆ ಒದ್ದು ಕಾಲು ಊದಿಕೊಂಡಾಗಲೂ, ಆ ಎಮ್ಮೆ ಮಾರಿದ ನಿಂಗಪ್ಪನ ಮನೆಯ ಮುಂದೆ ಕುಂಟುತ್ತ ಹೋಗಿ ಬೈದು ಬಂದಳು. ನಿಂಗಪ್ಪ ಅದನ್ನು ಮಾರಿ ಒಂಬತ್ತು ವರ್ಷವಾಗಿತ್ತು.

ಹೊಸನಗರದಿಂದ ಎರಡು ಮೈಲಿ ದೂರದಲ್ಲಿ ನಮ್ಮ ಮನೆ. ಗಂಡ ಸತ್ತ ಮೇಲೆ ಅತ್ತೆ ನಮ್ಮ ಮನೆಗೆ ಅಂಟಿಕೊಂಡಂತೆ ಒಂದು ಕೋಣೆ ಹಾಕಿಸಿಕೊಂಡಿದ್ದಳು. ಅಲ್ಲೇ ಅವಳ ಮುಲಾಮಿನ ಕಾರ್ಖಾನೆ. ಒಂದು ಒಲೆ, ಒಂದು ಮಣ್ಣಿನ ಗಡಿಗೆ, ಒಂದು ಸೌಟು, ಮತ್ತೆ ಒಳಗೆ ಕಾಲಿಟ್ಟವರಿಗೆಲ್ಲ ಬೈಗುಳ.

ಮುಲಾಮು ಯಾಕೆ ಅಂದರೆ, ಸುಗ್ಗಿಯ ಮೂರು ತಿಂಗಳು ನಾವು ಹೆಂಗಸರು ಒಡೆಯರ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದೆವು. ಹಸಿ ಅಡಿಕೆಯ ಚೊಗರು ಕೈಗೆ ಹತ್ತಿದರೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಅಂಗೈ ಕೆಂಚಗಾಗಿ, ಒಣಗಿ, ಬೆರಳಿನ ಗೆರೆಗೆರೆಯೂ ಬಿರಿಯುತ್ತದೆ. ಅನ್ನ ಕಲಸಿದರೆ ಸಾರಿನ ಖಾರ ಬಿರುಕಿಗಿಳಿದು ಜೀವ ಹೋಗುತ್ತದೆ. ಆ ಕೈಗೆ ಅತ್ತೆಯ ಮುಲಾಮು. ಮುರುಗಲು ಬೀಜದ ತುಪ್ಪ, ಜೇನುಮೇಣ, ಕೊಬ್ಬರಿ ಎಣ್ಣೆ, ಕಲೆ ತೆಗೆಯಲು ನಿಂಬೆರಸ. ಅವಳು ಅದನ್ನು ತೊಳೆದ ನಶ್ಯದ ಡಬ್ಬಿಯಲ್ಲಿ ತುಂಬಿ ಮಾರುತ್ತಿದ್ದಳು. ಎಷ್ಟು ತೊಳೆದರೂ ನಶ್ಯ ನಶ್ಯವೇ. ಡಬ್ಬಿಯ ಮುಚ್ಚಳ ತೆಗೆದವರು ಎರಡು ಸಲ ಸೀನಿ ಆಮೇಲೆ ಕೈಗೆ ಹಚ್ಚಿಕೊಳ್ಳುತ್ತಿದ್ದರು. ಅದೂ ಮದ್ದಿನ ಗುಣವೇ ಎಂದು ಅತ್ತೆ ಎಲ್ಲರನ್ನೂ ನಂಬಿಸಿದ್ದಳು.

ತಮಾಷೆ ಬಿಡಿ, ಕೆಲಸದಲ್ಲಿ ಮಾತ್ರ ಅವಳು ಬಲು ಕಟ್ಟುನಿಟ್ಟು. ಕೈಯಲ್ಲಿ ಒಂದು ಹನಿ ನೀರಿದ್ದರೂ ಸೌಟು ಮುಟ್ಟಗೊಡುತ್ತಿರಲಿಲ್ಲ.

"ನೀರು ಬಿದ್ರೆ ಎಂಟು ದಿನಕ್ಕೆ ಬೂಸ್ಟು ಹಿಡೀತದೆ ಕಣೆ ಕನ್ನಮ್ಮಾ, ನೀನು ನೆಕ್ಕಿ ಮುಗಿಸ್ತೀಯಾ ಅದನ್ನ?" ಎನ್ನುತ್ತಿದ್ದಳು.

ನಿಂಬೆರಸವನ್ನು ಎಣ್ಣೆಯಲ್ಲಿ ಹಾಕಿ ನೀರೆಲ್ಲ ಹೋಗುವ ತನಕ ಸಣ್ಣ ಉರಿಯಲ್ಲಿ ಕುದಿಸಬೇಕು. ನೀರು ಹೋಯಿತೋ ಇಲ್ಲವೋ ತಿಳಿಯಲು ಬತ್ತಿಯ ತುದಿ ಅದ್ದಿ ದೀಪಕ್ಕೆ ಹಿಡಿಯುತ್ತಿದ್ದಳು. ಚಟಚಟ ಅಂದರೆ ಇನ್ನೂ ನೀರಿದೆ, ಸದ್ದಿಲ್ಲದೆ ಉರಿದರೆ ಹದ. ಮೇಣ ಕರಗಿಸಿ ಸೇರಿಸಿದ ಮೇಲೆ ಒಂದು ತೊಟ್ಟನ್ನು ತಣ್ಣನೆಯ ಒರಳುಕಲ್ಲಿನ ಮೇಲೆ ಬಿಟ್ಟು ಬೆರಳಲ್ಲಿ ಒತ್ತಿ ನೋಡುವಳು. ಕಲ್ಲಾದರೆ ಎಣ್ಣೆ ಸಾಲದು, ಜಾರಿದರೆ ಮೇಣ ಸಾಲದು. ಬೇಸಿಗೆಗೆ ಮೇಣ ಹೆಚ್ಚು, ಚಳಿಗಾಲಕ್ಕೆ ಕಡಿಮೆ. ಹೊಸ ಗಿರಾಕಿಯಾದರೆ ಮೊದಲು ಮೊಳಕೈ ಒಳಬದಿಗೆ ಹಚ್ಚಿ ಒಂದು ದಿನ ಕಾಯಬೇಕು. ಉರಿ, ಕೆರೆತ ಇಲ್ಲವಾದರೆ ಮಾತ್ರ ಡಬ್ಬಿ ಕೊಡುವುದು. ಈ ಹದವೆಲ್ಲ ಯಾರು ಹೇಳಿಕೊಟ್ಟರು ಎಂದು ಕೇಳಿದರೆ, "ಯಾರು ಹೇಳ್ಕೊಡ್ಬೇಕು? ನನ್ ಕೈಗೇ ಗೊತ್ತು" ಎನ್ನುವಳು.

ಅರವತ್ತಾರನೇ ಇಸವಿಯ ಡಿಸೆಂಬರ್. ನನಗೆ ಹತ್ತೊಂಬತ್ತು. ಎಂಟನೇ ಕ್ಲಾಸು ಪಾಸಾಗಿ ಸುಮ್ಮನೆ ಕೂತಿದ್ದವಳ ಕೈಯಲ್ಲಿ ಗ್ರಾಮಸೇವಿಕೆ ಒಂದು ಅರ್ಜಿ ಹಾಕಿಸಿದ್ದರು. ಸಾಗರದಲ್ಲಿ ದಾದಿ ಕೆಲಸ ಕಲಿಸಲು ಹುಡುಗಿಯರನ್ನು ಆರಿಸುತ್ತಾರಂತೆ. ಗುರುವಾರ ಬನ್ನಿ ಎಂಬ ಕಾಗದ ನಮ್ಮ ಕೈಸೇರಿದ್ದು ಸೋಮವಾರ ಸಂಜೆ. ಅಪ್ಪ ಖಡಾಖಂಡಿತ ಹೇಳಿದ: "ಒಂದೇ ಸಲ ಕಳ್ಸ್ತೀನಿ. ಆಗ್ಲಿಲ್ಲ ಅಂದ್ರೆ ಮದ್ವೆ." ಅಂದರೆ, ಆರಿಸಿಕೊಂಡರೆ ದಾದಿ, ಇಲ್ಲದಿದ್ದರೆ ಇನ್ನೊಂದು ಊರಿನ ಇನ್ನೊಂದು ಮೆಟ್ಟುಗತ್ತಿ. ಗ್ರಾಮಸೇವಿಕೆ ನನ್ನ ಅಂಗೈ ನೋಡಿ, "ಅಲ್ಲಿ ಮೊದಲು ಕೈ ನೋಡ್ತಾರೆ ಕನ್ನಮ್ಮ, ಎಂತಾದ್ರೂ ಮಾಡಿ ಚೊಕ್ಕ ಮಾಡ್ಕೊ" ಅಂದರು.

"ಎರಡು ದಿನದಲ್ಲಿ ಬೆಣ್ಣೆ ಮಾಡ್ಕೊಡ್ತೀನಿ" ಎಂದಳು ಅತ್ತೆ. ಅವತ್ತೇ ಮಣ್ಣಿನ ಗಡಿಗೆ ಸೀಳು ಬಿಟ್ಟಿತು. (ಗಡಿಗೆ ಮಾಡಿದವನ ತಪ್ಪು, ಬೇರೆ ಹೇಳಬೇಕಾಗಿಲ್ಲ.) ಹೊಸದು ತರಲು ಗುರುವಾರದ ಸಂತೆಯೇ ಆಗಬೇಕು. ಅತ್ತೆ ಒಂಚೂರೂ ಯೋಚಿಸದೆ ಕಬ್ಬಿಣದ ಬಾಣಲೆ ಒಲೆಗಿಟ್ಟಳು. ನನ್ನ ಮೇಲಿನ ಪ್ರೀತಿಗೆ ನಿಂಬೆರಸವನ್ನೂ ಎರಡು ಪಟ್ಟು ಹಾಕಿದಳು. ಆರಿದ ಮೇಲೆ ಮುಲಾಮು ಕೊಂಚ ಬೂದಿ ಬಣ್ಣಕ್ಕಿತ್ತು.

"ಇದೆಂತ ಅತ್ತೆ, ಬಣ್ಣ ಬೇರೆ ಇದೆ?"

"ಹೊಗೆ ಹಿಡಿದದೆ. ಹಚ್ಕೊ ಸುಮ್ನೆ."

ನಾನು ಬುದ್ಧಿವಂತೆ ನೋಡಿ, ಮೊಳಕೈಗೆ ಹಚ್ಚಿ ಒಂದು ರಾತ್ರಿ ಕಾದೆ. ಏನೂ ಆಗಲಿಲ್ಲ. ಬುಧವಾರ ಬೆಳಗ್ಗೆ ಎರಡೂ ಅಂಗೈಗೆ ಮೆತ್ತಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ನನ್ನ ಕೈ ಮಸಿಕುಡಿಕೆಯಲ್ಲಿ ಅದ್ದಿ ತೆಗೆದಂತೆ ಕರ್ರಗಾಗಿತ್ತು. ಅಯ್ಯೋ ದೇವರೇ! ಬೂದಿ ಹಾಕಿ ತಿಕ್ಕಿದೆ, ಹುಣಿಸೆಹಣ್ಣು ಹಾಕಿ ತಿಕ್ಕಿದೆ. ಕಪ್ಪು ಕೊಂಚ ನೀಲಿಗೆ ತಿರುಗಿತು, ಅಷ್ಟೇ ಉಪಕಾರ. ಬಾವಿಕಟ್ಟೆಯ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ.

ಆಗ ಕಣ್ಣಿಗೆ ಬಿತ್ತು, ಗೋಡೆಗೆ ಒರಗಿಸಿಟ್ಟ ಮೆಟ್ಟುಗತ್ತಿ. ಚೊಗರು ಒರೆಸದೆ ಇಟ್ಟರೆ ಅದರ ಅಲಗು ಬೆಳಗಾಗುವುದರೊಳಗೆ ಇದೇ ಬಣ್ಣಕ್ಕೆ ಬರುತ್ತದೆ. ಇದು ನಮ್ಮ ಊರಿನ ಚಿಳ್ಳೆಪಿಳ್ಳೆಗೂ ಗೊತ್ತು. ಹುಳಿ ಬಾಣಲೆಯ ಕಬ್ಬಿಣ ತಿಂದಿದೆ, ಕಬ್ಬಿಣ ಮುಲಾಮಿಗೆ ಇಳಿದಿದೆ, ಮುಲಾಮು ಕೈಯ ಚೊಗರಿಗೆ ಸಿಕ್ಕಿದೆ. ಮೊಳಕೈಯಲ್ಲಿ ಚೊಗರೇ ಇಲ್ಲ, ಅಲ್ಲಿ ಕಪ್ಪಾಗುವುದು ಹೇಗೆ? ಹೋಗಿ ಅತ್ತೆಗೆ ಹೇಳಿದೆ.

"ನನ್ ಬಾಣ್ಲೆ ಸುದ್ದಿಗೆ ಬರ್ಬೇಡ!" ಎಂದು ಹಾರಿಬಿದ್ದಳು. "ನನ್ ಮದ್ವೆಲಿ ಕೊಟ್ಟ ಬಾಣ್ಲೆ ಅದು. ನೀನೇ ಎಂತದೋ ಮುಟ್ಟಿದೀಯ. ನಿನ್ ಕೈಯೇ ಸರಿ ಇಲ್ಲ."

ನನಗೂ ಸಿಟ್ಟು ನೆತ್ತಿಗೇರಿತು. ಇನ್ನು ಜನ್ಮದಲ್ಲಿ ನಿನ್ನ ಹತ್ತಿರ ಮಾತಾಡುವುದಿಲ್ಲ ಎಂದೆ. ಮಾರನೇ ದಿನ ಸಾಗರದ ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಇಬ್ಬರೂ ಒಂದೊಂದು ಕಡೆ ಮುಖ ತಿರುಗಿಸಿಕೊಂಡಿದ್ದೆವು. ಅಪ್ಪನಿಗೆ ಅಡಿಕೆ ಕೊಯ್ಲು ಬಿಟ್ಟು ಬರಲಾಗದ್ದಕ್ಕೆ ಅವಳು ಜೊತೆಗೆ ಬಂದಿದ್ದಳು. ನಾನು ಸೆರಗಿನೊಳಗೆ ಕೈ ಬಚ್ಚಿಟ್ಟುಕೊಂಡಿದ್ದೆ.

ಅಲ್ಲಿ ಜಗಲಿಯಲ್ಲಿ ಹತ್ತಿಪ್ಪತ್ತು ಹುಡುಗಿಯರು. ನಮ್ಮ ಗ್ರಹಚಾರಕ್ಕೆ ಯಮುನಮ್ಮನೂ ಮಗಳನ್ನು ಕರೆದುಕೊಂಡು ಬಂದಿದ್ದರು. ಹೊಸನಗರದ ತಾಲ್ಲೂಕು ಕಚೇರಿಯ ಗುಮಾಸ್ತರ ಹೆಂಡತಿ. ಅತ್ತೆಯ ದೊಡ್ಡ ಗಿರಾಕಿ. ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಪೇಟೆಯ ಅಷ್ಟೂ ಮನೆಗೆ ಮುಟ್ಟುತ್ತಿತ್ತು.

ನನ್ನ ಹೆಸರು ಕರೆದರು. ಮೇಟ್ರನ್ ದಪ್ಪ ಕನ್ನಡಕದ ಹೆಂಗಸು. "ಕೈ" ಎಂದರು. ಚಾಚಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಸರಿದರು.

"ಈ ಕೈಯಲ್ಲಿ ಹಸುಗೂಸು ಮುಟ್ಟೋಕೆ ಬಂದಿದ್ದೀಯಾ? ನಿಮ್ಮೂರಲ್ಲಿ ನೀರಿಲ್ವಾ? ಹೋಗಮ್ಮ."

ನಾನು ಕೈಯನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡೆ. ಬಾಗಿಲ ಬಳಿ ಗಲಾಟೆಯಾಯಿತು. ಜವಾನನನ್ನು ಅತ್ತ ತಳ್ಳಿ ಅತ್ತೆ ಒಳಗೆ ಬಂದಳು. ಅವಳ ಹಿಂದೆ ಬಾಗಿಲಲ್ಲಿ ಯಮುನಮ್ಮನ ಮುಖ. ಇನ್ನು ಮೇಟ್ರನ್ನಿಗೂ ಬೈಗುಳ ಖಂಡಿತ ಅಂದುಕೊಂಡೆ.

ಅತ್ತೆ ಬೈಯಲಿಲ್ಲ. ಸೊಂಟದಿಂದ ನಶ್ಯದ ಡಬ್ಬಿ ತೆಗೆದಳು. ತನ್ನ ಎಡಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟಳು. ಕೆಂಚಗೆ ಚೊಗರು ಕಟ್ಟಿದ, ಅಡ್ಡಡ್ಡ ಬಿರಿದ ಅಂಗೈ. ಅದರ ತುಂಬ ಅದೇ ಬೂದಿ ಬಣ್ಣದ ಮುಲಾಮು ತಿಕ್ಕಿದಳು. ನಿಂಬೆಯ ಹುಳಿ ಬಿರುಕಿಗೆ ಇಳಿದು ಅವಳ ತುಟಿ ಬಿಗಿಯಿತು.

"ಒಂಚೂರು ತಡೀರಿ ಅಮ್ಮ" ಎಂದಳು.

ಒಂದು ಎಲೆ ಅಡಿಕೆ ಜಗಿದು ಮುಗಿಸುವಷ್ಟು ಹೊತ್ತು ಹೋಯಿತು. ಎಲ್ಲರ ಕಣ್ಣೆದುರೇ ಆ ಅಂಗೈ ಮೆಲ್ಲಗೆ ಕಪ್ಪಿಗೆ ತಿರುಗತೊಡಗಿತು.

"ನೋಡಿ. ಕೂಸಿನ ಕೈಲಿರದು ಕೊಳೆ ಅಲ್ಲ. ಇದು ನಾನು ಮಾಡಿ ಮಾರೋ ಮದ್ದು. ಕಬ್ಬಿಣದ ಬಾಣ್ಲೇಲಿ ನಿಂಬೆಹುಳಿ ಕುದ್ಸಿ ಕೆಡ್ಸಿದೀನಿ. ಹಿಂಗಾಗಿದ್ದು ಹಿಂಗೆ ಅಂತ ಇವ್ಳೇ ಕಂಡ್ಹಿಡಿದು ಹೇಳಿದ್ಲು, ನಾನು ಕೇಳ್ಲಿಲ್ಲ. ತಪ್ಪು ನಂದು, ಅಮ್ಮ. ಇವ್ಳನ್ನ ಕಳಿಸ್ಬೇಡಿ."

ಬಾಗಿಲಲ್ಲಿ ಯಮುನಮ್ಮ ತಮ್ಮ ಕೈ ತಿರುಗಿಸಿ ನೋಡಿಕೊಂಡರು. ಮೇಟ್ರನ್ ನನ್ನನ್ನು ಹತ್ತಿರ ಕರೆದು, ಸೋಪು ಕೊಟ್ಟು ತೊಳೆಸಿ, ಉಗುರಿನ ಸಂದಿ ಒಂದೊಂದೇ ನೋಡಿದರು. ಅಲ್ಲಿ ಕೊಳೆ ಇರಲಿಲ್ಲ. "ಬಾಣಲೆ ಅಂತ ಹೇಗೆ ತಿಳೀತು?" ಎಂದು ಕೇಳಿದರು. ಮೆಟ್ಟುಗತ್ತಿಯ ಕಥೆ ತೊದಲುತ್ತ ಹೇಳಿದೆ. ಅವರು ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಗೀಟು ಎಳೆದು, ಜನವರಿಯಲ್ಲಿ ಹಾಸಿಗೆ ಸುತ್ತಿಕೊಂಡು ಬಾ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಮೊದಲಿನಂತಾಗಿದ್ದಳು. ಆ ಮೇಟ್ರನ್ನಿನ ಕನ್ನಡಕ ಮಾಡಿಕೊಟ್ಟವನದೇ ಎಲ್ಲ ತಪ್ಪು ಎಂದು ಆನಂದಪುರದ ತನಕ ವಾದಿಸಿದಳು.

ನಾನು ಸಾಗರದಲ್ಲಿದ್ದಾಗ ಅವಳು ಅಪ್ಪನ ಕೈಯಲ್ಲಿ ಕಾಗದ ಬರೆಸುತ್ತಿದ್ದಳು. ಹೊಸ ಗಡಿಗೆ ತಂದಿದ್ದೇನೆ, ವ್ಯಾಪಾರ ಭರ್ಜರಿ, ಕೈಗೆ ಬಿಡುವಿಲ್ಲ, ನೀನು ಊಟ ಬಿಡಬೇಡ. ಪ್ರತಿ ಕಾಗದದಲ್ಲೂ ಅದೇ. ಅಕ್ಟೋಬರಿನಲ್ಲಿ ಭೂಮಿ ಹುಣ್ಣಿಮೆಗೆ ರಜೆ ಸಿಕ್ಕಿ ಊರಿಗೆ ಬಂದೆ. ಅತ್ತೆಯ ಕೋಣೆಗೆ ಹೋದರೆ ಗೋಡೆಯುದ್ದಕ್ಕೂ ನಶ್ಯದ ಡಬ್ಬಿಗಳು, ಧೂಳು ಹಿಡಿದು, ಮುಚ್ಚಳ ಬಿಚ್ಚದೆ ಕೂತಿವೆ. ಯಮುನಮ್ಮ ತಮ್ಮ ಕೆಲಸ ಮಾಡಿದ್ದರು. ಹತ್ತು ತಿಂಗಳಲ್ಲಿ ಒಂದೇ ಒಂದು ಡಬ್ಬಿಯೂ ಮಾರಿಹೋಗಿರಲಿಲ್ಲ.

"ಇವೆಲ್ಲ ಎಂತ ಅತ್ತೆ?"

"ಹದ ಆಗ್ಲಿ ಅಂತ ಇಟ್ಟಿದ್ದು. ನಿಂಗೆಂತ ಗೊತ್ತು?"

ನನಗೆ ಅಳು ತಡೆಯಲಾಗಲಿಲ್ಲ. ಒಂದು ಡಬ್ಬಿ ಬಿಚ್ಚಿದೆ, ಎರಡು ಸಲ ಸೀನಿದೆ, ಅವಳ ಎರಡೂ ಕೈಗಳನ್ನು ಎಳೆದು ನನ್ನ ಮಡಿಲಲ್ಲಿ ಇಟ್ಟುಕೊಂಡು ಬಿರುಕು ಬಿರುಕಿಗೂ ಹಚ್ಚತೊಡಗಿದೆ.

"ಸಾಕು ಬಿಡೇ, ಮಾರೋ ಸರಕು ಹಾಳು ಮಾಡ್ತೀಯ" ಎಂದಳು. ಕೈ ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.