ಪೆದ್ದಕಡುಬೂರಿನ ಮೈಕು, ನ್ಯೂಜಿಲೆಂಡಿನ ಕಿವಿ

ಬೆಳಗಿನ ಐದೂವರೆ. ಆಂಧ್ರದ ಗಡಿಯೂರು ಪೆದ್ದಕಡುಬೂರಿನ ಶಾಲೆಯೊಂದರ ಕನ್ನಡ ಮಾಧ್ಯಮದ ಕೋಣೆಯಲ್ಲಿ ಅರವತ್ತೇಳರ ಯರ್ರೆಪ್ಪ ಸ್ಟೂಲಿನ ಮೇಲೆ ನಿಂತು ಗೋಡೆಗೆ ಕಂಬಳಿ ನೇತುಹಾಕುತ್ತಿದ್ದಾರೆ. ಒಟ್ಟು ಏಳು ಕಂಬಳಿ. ಬಂಡೆ ಹೊದಿಸಿದ ಈ ಕೋಣೆಯಲ್ಲಿ ಒಬ್ಬರು ಮಾತಾಡಿದರೆ ನಾಲ್ವರು ಮಾತಾಡಿದಂತೆ ಕೇಳುತ್ತದೆ. ಕುರಿ ಉಣ್ಣೆ ಆ ಮಾರ್ದನಿಯನ್ನು ನುಂಗಿಬಿಡುತ್ತದೆ. ಆರು ಗಂಟೆಗೆ ಗೋಡೆಯ ಟಿವಿಯಲ್ಲಿ ನ್ಯೂಜಿಲೆಂಡಿನ ಹಳ್ಳಿಶಾಲೆಯೊಂದರ ಮಕ್ಕಳು ಕಾಣಿಸಿಕೊಳ್ಳುತ್ತಾರೆ. ಅಲ್ಲಿ ಆಗ ಮಧ್ಯಾಹ್ನ. ನಮ್ಮ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಅವರು ಮನೆ ಸೇರಿರುತ್ತಾರೆ. ಹಾಗಾಗಿ ಮಾತುಕತೆ ನಸುಕಿನಲ್ಲೇ ನಡೆಯಬೇಕು.

ಇಲ್ಲಿನ ಮಕ್ಕಳ ದನಿಯನ್ನು ಅಲ್ಲಿಗೆ ಮುಟ್ಟಿಸುವುದು ಯರ್ರೆಪ್ಪನವರ ಕೆಲಸ. ಆದರೆ ಅದು ಇನ್ನೆಷ್ಟು ದಿನ ತಮ್ಮ ಕೈಯಲ್ಲಿ ಉಳಿದೀತು ಎಂಬ ದಿಗಿಲು ಅವರಿಗೆ. ನಲವತ್ತೊಂದು ವರ್ಷ ಮದುವೆಮನೆಗಳ ಮೈಕಿನ ಹಾರ್ನಿನ ಪಕ್ಕದಲ್ಲೇ ಕೂತ ಕಿವಿಗಳು ಸೋತಿವೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಮುಕ್ಕಾಲು. ನಾನು ಕೇಳುವ ಪ್ರಶ್ನೆಗಳನ್ನೆಲ್ಲ ಹೆಂಡತಿ ಹುಸೇನಮ್ಮ ಅವರ ಬಲಗಿವಿಗೆ ಬಾಯಿಟ್ಟು ಕೂಗುತ್ತಾರೆ.

ನನಗೆ ಇವರು ಚಿಕ್ಕಂದಿನಿಂದಲೂ ಮೈಕ್‌ಸೆಟ್ ಯರ್ರೆಪ್ಪ. ನಮ್ಮಕ್ಕನ ಮದುವೆಯಲ್ಲಿ ಅಜ್ಜಿ ಮೊದಲು ಕೇಳಿದ್ದು “ಮೈಕು ಬಂತೇನು?” ಎಂದು, ಚಪ್ಪರ, ಅಡುಗೆಯವರು ಎಲ್ಲ ಆಮೇಲೆ. ಬೇವಿನ ಮರಕ್ಕೆ ಹಾರ್ನ್ ಕಟ್ಟಿದರೆ ಸುತ್ತಲ ಮೂರು ಊರಿಗೆ ಮದುವೆಯ ಸುದ್ದಿ ಮುಟ್ಟುತ್ತಿತ್ತು. ಗ್ರಾಮಫೋನಿನ ತಟ್ಟೆಯ ಮೇಲೆ ಮುಳ್ಳು ಇಟ್ಟಾಗಿನ ಆ ಕರಕರ ಸದ್ದು, ಅದರ ಹಿಂದೆಯೇ ಶಹನಾಯಿ. ಸುಳ್ಳೇಕೆ ಹೇಳಲಿ, ಈಗಿನ ಡಿಜೆ ಪೆಟ್ಟಿಗೆಗಳ ಎದುರು ನಿಂತಾಗಲೆಲ್ಲ ನನ್ನ ಜೀವ ಆ ಹಾರ್ನಿಗಾಗಿ ಹಾತೊರೆಯುತ್ತದೆ.

“ಹನ್ನೆರಡು ಹಾರ್ನ್ ಇದ್ವುರಿ. ಡಿಜೆ ಬಂದಮ್ಯಾಲ ಎಲ್ಲಾ ಅಟ್ಟ ಸೇರಿದ್ವು. ಅಂತೇ ಕದಾ, ಅಷ್ಟ ಅಲ್ಲೇನ್ರಿ, ಹೊಸ ನೀರು ಬಂದ್ರ ಹಳೇ ನೀರು ಕೊಚ್ಚಿಕೊಂಡು ಹೋಗತೈತಿ,” ಎಂದು ಯರ್ರೆಪ್ಪ ನಗುತ್ತಾರೆ.

ಎರಡು ವರ್ಷದ ಹಿಂದೆ ಅವರನ್ನು ಹುಡುಕಿಕೊಂಡು ಬಂದವರು ಶಾಲೆಯ ಟೀಚರ್ ಅಶ್ವಿನಿ. “ಲ್ಯಾಪ್‌ಟಾಪಿಗೆ ಮುಂದಿನ ಬೆಂಚಿನ ಐದು ಮಕ್ಕಳ ಮಾತಷ್ಟ ಕೇಳಸ್ತಿತ್ತುರಿ. ಉಳಿದ ಇಪ್ಪತ್ತಾರು ಮಕ್ಕಳು ಬರೇ ಕೈ ಬೀಸಿ ಮನೀಗೆ ಹೋಗ್ತಿದ್ರು,” ಎನ್ನುತ್ತಾರೆ ಆಕೆ.

ಮೊದಲ ದಿನ ಯರ್ರೆಪ್ಪ ಮೈಕ್‌ಸೆಟ್ಟಿನವರು ಮಾತ್ರ ಮಾಡಬಹುದಾದ ತಪ್ಪು ಮಾಡಿದರು. ಶುಭಕಾರ್ಯವೆಂದ ಮೇಲೆ ಊರಿಗೆಲ್ಲ ಕೇಳಬೇಡವೇ? ಅಟ್ಟದಿಂದ ಹಾರ್ನ್ ಇಳಿಸಿ ಶಾಲೆಯ ಮುಂದಿನ ಮರಕ್ಕೆ ಕಟ್ಟಿದರು. ವಿದೇಶದ ಮಗುವೊಂದು “ಹಲೋ” ಎಂದಿದ್ದೇ ತಡ, ಹಾರ್ನಿನ ಸದ್ದು ತಿರುಗಿ ಮೈಕಿಗೇ ನುಗ್ಗಿ ಊರೆಲ್ಲ ಕಿರ್ರೆಂದಿತು. ಪಕ್ಕದ ಹಟ್ಟಿಯ ಕುರಿಗಳೆಲ್ಲ ಒಟ್ಟಿಗೆ ಅರಚಿದವು. ಅಶ್ವಿನಿ ತಲೆಯ ಮೇಲೆ ಕೈಹೊತ್ತು ಕೂತರು. ಆದರೆ ಟಿವಿಯೊಳಗಿನ ಮಕ್ಕಳು ಎದ್ದು ನಿಂತು ತಾವೂ “ಬ್ಯಾ” ಎಂದರು. ಅವರಲ್ಲಿ ಅರ್ಧಕ್ಕರ್ಧ ಕುರಿ ಸಾಕುವವರ ಮಕ್ಕಳು! ಇಲ್ಲಿಯೂ ಅಷ್ಟೇ. ಸ್ನೇಹ ಶುರುವಾಗಿದ್ದು ಅಲ್ಲಿಂದ.

ಹಾರ್ನ್ ಮರಳಿ ಅಟ್ಟ ಸೇರಿತು. ಈಗ ತಿಂಗಳಿಗೆ ಎರಡು ಗುರುವಾರ ಯರ್ರೆಪ್ಪ ಮೊಪೆಡ್ಡಿನಲ್ಲಿ ಎರಡು ಮೈಕು, ಅರವತ್ತು ಅಡಿ ವೈರು, ಒಂದು ಪುಟ್ಟ ಆಂಪ್ಲಿಫೈಯರ್ ಹೇರಿಕೊಂಡು ಬರುತ್ತಾರೆ. ಹಿಂದಿನ ಬೆಂಚುಗಳ ಮೇಲೆ ಹಗ್ಗ ಎಳೆದು ಅದಕ್ಕೆ ಒಂದು ಮೈಕು ತೂಗುಬಿಡುತ್ತಾರೆ. ಕಂಬಳಿಗಳು ಮಕ್ಕಳ ಮನೆಯವು. ಮಲಗಿದ್ದ ಅಪ್ಪನ ಮೇಲಿಂದಲೇ ಎಳೆದು ತರುವವರೂ ಉಂಟು.

ಹೋದ ಮಳೆಗಾಲದಲ್ಲಿ ಒಮ್ಮೆ ಮೈಕು ಮತ್ತೆ ಕಿರ್ರೆಂದಿತು. ಇಲ್ಲಿನ ಮಕ್ಕಳು ಕಿವಿ ಮುಚ್ಚಿಕೊಂಡರು, ಅಲ್ಲಿನವರೂ ಮುಚ್ಚಿಕೊಂಡರು. ಯರ್ರೆಪ್ಪನವರಿಗೆ ಏನೂ ಕೇಳಿಸಲಿಲ್ಲ. ಅವರು ಆಂಪ್ಲಿಫೈಯರಿನ ಗುಂಡಿಯ ಮೇಲೆ ಕೈಯಿಟ್ಟು ನಗುತ್ತಲೇ ಇದ್ದರು. ಕೊನೆಗೆ ಅಶ್ವಿನಿ ಓಡಿಬಂದು ವೈರು ಕಿತ್ತರು. ಅಂದು ಸಾಮಾನು ಹೇರಿಕೊಂಡು ಮನೆಗೆ ಹೋದವರು ಮುಂದಿನ ಗುರುವಾರ ಬರಲಿಲ್ಲ.

“ಎರಡು ದಿನ ಊಟ ಬಿಟ್ಟಿದ್ರುರಿ. ಕಿವುಡನ ಕೈಯಾಗ ಮೈಕು ಯಾಕ, ಅಂದ್ರು. ನನಗೂ ಅಳು ಬಂತು,” ಎನ್ನುತ್ತಾರೆ ಹುಸೇನಮ್ಮ.

ಅವರು ಬಾರದ ದಿನ ಆರನೇ ತರಗತಿಯ ಶ್ರಾವಣಿ ತಾನು ಸಾಕಿದ ಕುರಿಮರಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಓದಲು ನಿಂತಳು. ಇಡೀ ತರಗತಿಯಲ್ಲಿ ಅತಿ ಮೆಲ್ಲನೆಯ ದನಿ ಆಕೆಯದು. ಅಲ್ಲಿನವರು “ಕೇಳುತ್ತಿಲ್ಲ” ಎಂದು ಮೂರು ಸಲ ಹೇಳಿದರು. ನಾಲ್ಕನೆಯ ಸಲಕ್ಕೆ ಆಕೆ ಅಳುತ್ತ ಕೂತುಬಿಟ್ಟಳು. ಅಶ್ವಿನಿ ಆ ಸಂಜೆಯೇ ಯರ್ರೆಪ್ಪನವರ ಮನೆಗೆ ಹೋಗಿ ನಡೆದುದನ್ನು ಹೇಳಿದರು. ಯರ್ರೆಪ್ಪ ಮುಂದಿನ ಗುರುವಾರ ಬರುವುದಾಗಿ ಒಪ್ಪಿಕೊಂಡರು. ಒಂದೇ ಷರತ್ತು: ಟಿವಿ ತಮ್ಮ ಕಣ್ಣೆದುರೇ ಇರಬೇಕು.

“ಕಿವಿ ಇಲ್ದಿದ್ರ ಕಣ್ಣು ಐತಲ್ರಿ. ಸೌಂಡು ಕಮ್ಮಿ ಹೋದ್ರ ಆ ಹುಡುಗರು ಕುತ್ತಿಗಿ ಮುಂದ ಚಾಚತಾರ. ಜಾಸ್ತಿ ಆದ್ರ ಹಿಂದ ಸರೀತಾರ. ಸರಿಯಾಗಿ ಹೋದ್ರ ಮಾತು ಮುಗಿದು ಒಂದು ಗಳಿಗಿ ಬಿಟ್ಟು ನಗತಾರ. ಅಷ್ಟು ನೋಡಿ ತಿರುವತೀನಿ.”

ಈ ಗುರುವಾರ ಅದನ್ನು ನಾನೇ ಕಂಡೆ. ಶ್ರಾವಣಿ ಓದುತ್ತಾಳೆ. ಪಕ್ಕದಲ್ಲೇ ನಿಂತ ನನಗೂ ಅರ್ಧ ಮಾತು ಕೇಳಿಸುವುದಿಲ್ಲ. ಟಿವಿಯೊಳಗಿನ ಮಕ್ಕಳು ಕುತ್ತಿಗೆ ಚಾಚುತ್ತಾರೆ. ಯರ್ರೆಪ್ಪನವರ ಬೆರಳು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತದೆ. ಒಂದು ಗಳಿಗೆ ಬಿಟ್ಟು ಅಲ್ಲಿನ ಮಕ್ಕಳೆಲ್ಲ ನಗುತ್ತಾರೆ. ಶ್ರಾವಣಿ ಹಾಳೆ ಮಡಚಿ, ತಲೆಯೆತ್ತಿ ಕೂರುತ್ತಾಳೆ.

ಇನ್ನೇನು ಆಸೆ ಇದೆ ಎಂದು ಅವರ ಬಲಗಿವಿಗೆ ಕೂಗಿ ಕೇಳುತ್ತೇನೆ. ಯರ್ರೆಪ್ಪ ವೈರು ಸುತ್ತುತ್ತಲೇ ಉತ್ತರಿಸುತ್ತಾರೆ.

“ಆ ಶ್ರಾವಣಿ ಧ್ವನಿ ಹೆಂಗೈತೋ ನನಗ ಗೊತ್ತಿಲ್ರಿ, ಒಂದಿನಾನೂ ಕೇಳಿಲ್ಲ. ಆದ್ರ ಸಮುದ್ರದ ಆಚಿ ಕಡೆಯವ್ರು ಕೇಳ್ಯಾರ. ನನಗ ಅಷ್ಟು ಸಾಕು.”